ಯಾರು ಕೊಟ್ಟಿದ್ದು

"ಬೇರೆ ಏನಾದ್ರೂ ತಗೊಳ್ತಿದ್ರಾ?" ಎಂದು ಡಾಕ್ಟರು ಎರಡನೇ ಸಲ ಕೇಳಿದಾಗಲೂ ಹಾಸಿಗೆಯ ಮೇಲಿದ್ದ ಮುರಳಿ, "ಇಲ್ಲ ಮೇಡಂ, ಊಟ, ಮೊಟ್ಟೆ ಅಷ್ಟೇ" ಎಂದ. ಅವನ ಕಣ್ಣುಗಳು ಹಳದಿಯಾಗಿದ್ದವು. ಜಿಗಣಿಯಲ್ಲಿ ಜಿಮ್ ನಡೆಸುವ ರಾಜೇಂದ್ರ ಪಕ್ಕದಲ್ಲೇ ನಿಂತಿದ್ದ. ಶಿಷ್ಯ ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಂದು ಅವನಿಗೆ ಗೊತ್ತಿತ್ತು.

"ಲಿವರ್ ದಿನದಿನಕ್ಕೂ ಕೆಡ್ತಾ ಇದೆ. ಯಾವುದ್ರಿಂದ ಅಂತ ಗೊತ್ತಾಗದೆ ನಾನೇನು ಮಾಡ್ಲಿ?" ಎಂದರು ಡಾಕ್ಟರು.

ಸ್ಪರ್ಧೆಗೆ ಮೈಕಟ್ಟು ಬೇಗ ಬರಲಿ ಎಂದು ಮೂರು ತಿಂಗಳ ಹಿಂದೆ ಮುರಳಿಗೆ ಕ್ಯಾಪ್ಸೂಲು ಕೊಟ್ಟವನು ರಾಜೇಂದ್ರನೇ. ಬಾಯಿಬಿಟ್ಟರೆ ಹನ್ನೆರಡು ವರ್ಷ ಕಷ್ಟಪಟ್ಟು ಬೆಳೆಸಿದ ಜಿಮ್ ಮುಚ್ಚಿಹೋಗಬಹುದು. ಮುರಳಿ ಬೇಡವೆಂಬಂತೆ ಅವನ ಕೈ ಅದುಮಿದ. ರಾಜೇಂದ್ರ ಮೆಲ್ಲಗೆ ಕೈ ಬಿಡಿಸಿಕೊಂಡು, ಬ್ಯಾಗಿನಿಂದ ಡಬ್ಬಿ ತೆಗೆದು ಡಾಕ್ಟರ ಕೈಗಿಟ್ಟ. "ನಾನೇ ಕೊಟ್ಟಿದ್ದು ಮೇಡಂ. ಇನ್ನೂ ಆರು ಜನಕ್ಕೆ ಕೊಟ್ಟಿದೀನಿ."

"ಅವ್ರೆಲ್ಲ ಇವತ್ತೇ ನಿಲ್ಲಿಸ್ಬೇಕು. ರಕ್ತ ಪರೀಕ್ಷೆನೂ ಆಗ್ಬೇಕು" ಎಂದರು ಡಾಕ್ಟರು. ರಾಜೇಂದ್ರ ಫೋನ್ ಹಿಡಿದು ಹೊರಗೆ ಹೋಗಲಿಲ್ಲ. ಅಲ್ಲೇ ಎಲ್ಲರೆದುರು ಆ ಆರು ಜನರಲ್ಲಿ ಮೊದಲನೆಯವನಿಗೆ ಕರೆ ಮಾಡಿದ. "ಮಗಾ, ಆ ಕ್ಯಾಪ್ಸೂಲ್ ಇನ್ಮೇಲೆ ಮುಟ್ಬೇಡ. ಈಗ್ಲೇ ಆಸ್ಪತ್ರೆಗೆ ಬಾ. ಯಾರು ಕೊಟ್ಟಿದ್ದು ಅಂತ ಕೇಳಿದ್ರೆ ನನ್ ಹೆಸ್ರೇ ಹೇಳು."