ಹತ್ತನೆಯ ಭಿಕ್ಷುಣಿ

ಕೊನೆಯವಳಾಗಿ ಒಳಗೆ ಬಂದ ಭಿಕ್ಷುಣಿಯ ಮುಖ ನೋಡಿ, ದೀಕ್ಷೆಗೆಂದು ಮಂಡಿಯೂರಿ ಕೂತಿದ್ದ ಅತ್ತೆಯ ಎದೆ ಧಸಕ್ಕೆಂದಿತು. ತಲೆ ಬೋಳಿಸಿದರೇನು, ಚೀವರ ಉಟ್ಟರೇನು, ಮೂಗಿನ ಪಕ್ಕದ ಮಚ್ಚೆ ಎಲ್ಲಿಗೆ ಹೋಗುತ್ತದೆ? ಬಂದವಳು ಅವಳ ಸೊಸೆ. ಒಂದು ಕಾಲದ ಸೊಸೆ.

ಹೆಂಗಸಿಗೆ ಪೂರ್ಣ ದೀಕ್ಷೆ ಕೊಡಬೇಕಾದರೆ ಹತ್ತು ಮಂದಿ ಭಿಕ್ಷುಣಿಯರು ಕೂರಬೇಕು, ಒಬ್ಬರು ಕಡಿಮೆಯಾದರೂ ನಡೆಯದು. ಬೆಳಿಗ್ಗೆ ಒಬ್ಬರು ಜ್ವರ ಬಂದು ಮಲಗಿದ್ದರಿಂದ ಪಕ್ಕದ ಊರಿನ ವಿಹಾರಕ್ಕೆ ಫೋನ್ ಮಾಡಿ ಒಬ್ಬರನ್ನು ಕರೆಸಿದ್ದರು. ಲೋಕದಲ್ಲಿ ಇಷ್ಟೊಂದು ಭಿಕ್ಷುಣಿಯರಿರುವಾಗ ಇವಳೇ ಸಿಗಬೇಕೇ! ಈ ವಿಹಾರದ ಅಡುಗೆಮನೆಗೆ ನೆರವಾಗಲು ಬಂದು ಇಲ್ಲೇ ಬೇರು ಬಿಟ್ಟವಳು ಅತ್ತೆ. ಈ ವಯಸ್ಸಿನಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡಿ, ಎರಡು ವರ್ಷದ ಶಿಕ್ಷಣ ಮುಗಿಸಿ, ಈ ದಿನಕ್ಕಾಗಿ ಕಾದಿದ್ದಳು. ಇದು ತಪ್ಪಿದರೆ ಅವಳಿಗೆ ಬೇರೆ ಆಸೆಯೂ ಇರಲಿಲ್ಲ, ಬೇರೆ ಮನೆಯೂ ಇರಲಿಲ್ಲ.

ಮಗ ತೀರಿಕೊಂಡ ಮೇಲೆ ಸೊಸೆಯನ್ನು ಹೊರಹಾಕಿದ್ದು ಇದೇ ಅತ್ತೆ. ಬರೀ ಹೊರಹಾಕಿದ್ದರೆ ಆ ಮಾತು ಬೇರೆ. ಏನಾದರೂ ಕದ್ದೊಯ್ಯುತ್ತಿದ್ದಾಳೋ ಎಂದು ಹೊಸ್ತಿಲಲ್ಲೇ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಅವಳ ಚೀಲ ಬಿಚ್ಚಿ ಒಂದೊಂದು ಬಟ್ಟೆಯನ್ನೂ ಕೊಡವಿದ್ದಳು. ಮದುವೆಯಾಗಿ ಬಂದಂದಿನಿಂದ ಎದುರಾಡದ ಹುಡುಗಿ ಅವತ್ತು ಒಂದೇ ಒಂದು ಮಾತು ಕೇಳಿತ್ತು: "ನೀವು ಮನುಷ್ಯರಾ, ಅತ್ತೆ?"

ಎಲ್ಲರೂ ಹಿರಿಯಮ್ಮ ಎಂದು ಕರೆಯುವ ಮುಖ್ಯ ಭಿಕ್ಷುಣಿ ಪ್ರಶ್ನೆಗಳನ್ನು ಶುರುಮಾಡಿದರು. ಕಾಯಿಲೆ ಕಸಾಲೆ ಇದೆಯೇ, ಮನೆಯವರ ಒಪ್ಪಿಗೆ ಇದೆಯೇ. ಆಮೇಲೆ, ನಾಗರೋ ಯಕ್ಷರೋ ವೇಷ ಮರೆಸಿ ಬಂದಾರೆಂದು ಬಂದವರನ್ನೆಲ್ಲ ಹಿಂದಿನಿಂದಲೂ ಕೇಳಿಕೊಂಡು ಬಂದ ಆ ಪ್ರಶ್ನೆ: "ನೀನು ಮನುಷ್ಯಳೇ?"

ನಿನ್ನೆ ಅಭ್ಯಾಸ ಮಾಡುವಾಗ ಇದಕ್ಕೆ ಅತ್ತೆ ಕಿಸಕ್ಕನೆ ನಕ್ಕಿದ್ದಳು. ಇವತ್ತು ಅವಳ ಕಣ್ಣು ಸೊಸೆಯ ಕಡೆಗೇ ಹೋಯಿತು.

"ಹೇಳಮ್ಮ, ಮನುಷ್ಯಳೇ?"

"ಆಗೋಕೆ ನೋಡ್ತಿದೀನಿ, ಹಿರಿಯಮ್ಮ."

ಯಾರೋ ನಕ್ಕರು. "ಹಾಗೆಲ್ಲ ಹೇಳೋ ಹಾಗಿಲ್ಲಮ್ಮ. ಹೌದು ಇಲ್ಲ, ಎರಡೇ" ಎಂದರು ಹಿರಿಯಮ್ಮ.

"ಹೌದು" ಎಂದಳು ಅತ್ತೆ, ಅವಳಿಗೇ ಕೇಳಿಸದಷ್ಟು ಮೆಲ್ಲಗೆ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೂತಿದ್ದ ಸೊಸೆ ನೆಲ ನೋಡುತ್ತಿದ್ದಳು.

ನಿಜವಾದ ಗಂಡಾಂತರ ಇನ್ನೂ ಮುಂದಿತ್ತು. "ಈಕೆಗೆ ದೀಕ್ಷೆ ಕೊಡಲು ಒಪ್ಪುವವರು ಸುಮ್ಮನಿರಿ. ಒಪ್ಪದವರು ಮಾತಾಡಿ." ಹೀಗೆ ಮೂರು ಸಲ ಕೇಳುತ್ತಾರೆ. ಮೂರು ಸಲವೂ ಎಲ್ಲರೂ ಸುಮ್ಮನಿದ್ದರೆ ದೀಕ್ಷೆ ಆದಂತೆ. ಒಬ್ಬರು ಬೇಡವೆಂದರೂ ಮುಗಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಊರೆಲ್ಲ ಹೇಳುತ್ತದೆ. ಸೊಸೆಯ ಕಾಲ ದೀಕ್ಷೆಯ ಕೋಣೆಗೇ ಹುಡುಕಿಕೊಂಡು ಬರುತ್ತದೆಂದು ಯಾರು ತಾನೆ ಎಣಿಸಿದ್ದರು?

ಮೊದಲ ಸಲ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಎರಡನೆಯ ಸಲ ಕೇಳುವಾಗ ಬರಿಗಲ್ಲಿನ ಮೇಲೆ ಊರಿದ್ದ ಅತ್ತೆಯ ಮಂಡಿ ನಡುಗತೊಡಗಿತು. ಭಾರವನ್ನು ಮೆಲ್ಲಗೆ ಬಲಗಾಲಿಗೆ ಹೊರಿಸಿದಳು. ಮಾತಾಡಲಿ, ನನಗೆ ಆಗಬೇಕಾದ್ದೇ, ಎಂದಿತು ಅವಳ ಮನಸ್ಸು. ಬೇಡ ಮಗಳೇ, ಬೇಡ, ಎಂದಿತು ಅದೇ ಮನಸ್ಸು. ಮೂರನೆಯ ಸಲದ ಮಾತು ಇನ್ನೂ ಹಿರಿಯಮ್ಮನ ಬಾಯಲ್ಲಿತ್ತು.

"ತಡೀರಿ" ಎಂದಳು ಸೊಸೆ.

ಅತ್ತೆ ಕಣ್ಣು ಮುಚ್ಚಿಕೊಂಡಳು.

"ಏನು, ಒಪ್ಪಿಗೆ ಇಲ್ವಾ?" ಎಂದರು ಹಿರಿಯಮ್ಮ.

"ಅಯ್ಯೋ, ಅದಲ್ಲ! ಅವರ ಎಡಗಾಲಿನ ಮಂಡಿ ಮೊದಲಿಂದ್ಲೂ ಸರಿ ಇಲ್ಲ. ಬರೀ ನೆಲದ ಮೇಲೆ ಇಷ್ಟು ಹೊತ್ತು ಕೂತ್ರೆ ಆಮೇಲೆ ಎದ್ದೇಳೋಕಾಗಲ್ಲ." ಹಾಗೆನ್ನುತ್ತಲೇ ತಾನು ಕೂತಿದ್ದ ದಿಂಬನ್ನು ಎಳೆದು ಅತ್ತೆಯ ಮಂಡಿಯ ಕೆಳಗೆ ತುರುಕಿದಳು. "ಸ್ವಲ್ಪ ಕಾಲೆತ್ತಿ... ಹಾಂ, ಈಗ ಊರಿ."

ಹಿರಿಯಮ್ಮ ತಲೆ ಚಚ್ಚಿಕೊಂಡರು. "ಸುಮ್ನಿರಬೇಕಾದಾಗ್ಲೇ ಬಾಯಿ ಬಿಟ್ಯಲ್ಲ ತಾಯಿ! ಈಗ ಮತ್ತೆ ಮೊದಲಿಂದ ಕೇಳ್ಬೇಕು. ಮಧ್ಯಾಹ್ನ ದಾಟಿದ್ಮೇಲೆ ನಾವು ಉಣ್ಣೋ ಹಾಗಿಲ್ಲ, ಅಷ್ಟರೊಳಗೆ ಮುಗೀದಿದ್ರೆ ನಮಗೆಲ್ಲ ನಾಳೆವರೆಗೂ ಊಟ ಇಲ್ಲ, ಗೊತ್ತು ತಾನೇ?"

"ತಪ್ಪಾಯ್ತು, ಹಿರಿಯಮ್ಮ."

ಅತ್ತೆಯ ಕಣ್ಣಲ್ಲಿ ನೀರು ದಳದಳ ಇಳಿಯಿತು. ಒರೆಸಿಕೊಳ್ಳಲು ಮುಗಿದ ಕೈ ಬಿಡುವಂತಿರಲಿಲ್ಲ, ಹಾಗೇ ಬಿಟ್ಟಳು. ಹಿರಿಯಮ್ಮ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು: "ಒಪ್ಪುವವರು ಸುಮ್ಮನಿರಿ..."

ಬರಿನೆಲದ ಮೇಲೆ ಕೂತ ಸೊಸೆ ಎರಡೂ ಕೈಗಳಿಂದ ತನ್ನ ಬಾಯನ್ನು ಭದ್ರವಾಗಿ ಮುಚ್ಚಿಕೊಂಡಳು.