ನೊರೆ ತೆಗೆಯುವ ಸೌಟು

ಚಾಪ್‌ಸ್ಟಿಕ್ ಹಿಡಿಯಲು ಬಾರದೆ ಎಲ್ಲರೆದುರು ನಗೆಪಾಟಲಾದರೆ ಎಂಬ ಅಳುಕು ತಂಗಿಗೆ. ಮೇಜಿನ ನಡುವೆ ಜಪಾನಿ ಹಾಟ್‌ಪಾಟ್ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ತೆಳ್ಳಗೆ ಕೊಯ್ದ ಮಾಂಸವನ್ನು ಅವರವರೇ ಅದ್ದಿ ಬೇಯಿಸಿಕೊಳ್ಳಬೇಕು. ಅಕ್ಕನ ಪಾಲನ್ನು ಮಾತ್ರ ಭಾವನೇ ಬೇಯಿಸಿ ಬಡಿಸುತ್ತಿದ್ದ.

"ಅಳಿಯಂದಿರು ಇವಳನ್ನ ಕಣ್ಣಿನ ರೆಪ್ಪೆ ಹಾಗೆ ನೋಡ್ಕೋತಾರೆ," ಎಂದು ಅಮ್ಮ ಹಿಗ್ಗಿದಳು.

ಸಾರಿನ ಮೇಲೆ ಬೂದು ನೊರೆ ಕಟ್ಟಿತು. ಅದನ್ನು ತೆಗೆಯಲು ಭಾವ ಸೌಟು ಎತ್ತಿದ್ದೇ ತಡ, ಅಕ್ಕ ಮೊಣಕೈಯಿಂದ ಮುಖ ಮುಚ್ಚಿಕೊಂಡಳು. ಸೌಟು ಗಾಳಿಯಲ್ಲೇ ನಿಂತಿತು.

"ಇದೇನೇ, ಆವಿಗೂ ಹೆದರ್ತೀಯಾ?" ಭಾವ ನಕ್ಕ.

"ಚಿಕ್ಕಂದಿನಿಂದ್ಲೂ ಪುಕ್ಕಲಿ, ಬಿಡಿ," ಅಮ್ಮನೂ ನಕ್ಕಳು. ಅಕ್ಕನೂ ನಗಲು ನೋಡಿದಳು. ಮೊಣಕೈ ಮಾತ್ರ ಕೆಳಗಿಳಿಯಲಿಲ್ಲ.

ಬಾಯಿಗೆ ಬೀಗ ಹಾಕಿಕೊಂಡೇ ಬೆಳೆದ ತಂಗಿ ಚಾಪ್‌ಸ್ಟಿಕ್ ಕೆಳಗಿಟ್ಟಳು.

"ಆವಿಗಲ್ಲ ಭಾವ," ಎಂದಳು. "ಅವಳು ಹೆದರಿದ್ದು ನಿಮ್ಮ ಕೈಗೆ."