ಇಳಕಲ್ಲಿನ ಹತ್ತು ನಿಮಿಷ

ತಿಂಗಳಿಗೊಮ್ಮೆ ರಾಯಚೂರಿನಿಂದ ಬೆಳಗಾವಿಗೆ ಹೋಗುವ ವಿಶಾಲಾಕ್ಷಿಯ ಬೈಕು ಈ ಸಲ ಮುದಗಲ್ ದಾಟುತ್ತಲೇ ಕೆಟ್ಟು ನಿಂತಿತು. ರಸ್ತೆ ಬದಿಯ ಮೆಕ್ಯಾನಿಕ್ ಖಾಜಾಸಾಬ್ ಬಗ್ಗಿ ನೋಡಿದ.

"ಕಾರ್ಬುರೇಟರ್ ಸೀಳೈತ್ರೀ, ಬದಲಿ ಹಾಕಬೇಕು." ಬಿಚ್ಚುವ ಮುಂಚೆ ಎಲ್ಲರನ್ನೂ ಕೇಳುವಂತೆ ಕೇಳಿದ, "ಓಡಿಸಿದವರ ರೂಢಿ ಕಾರ್ಬುರೇಟರಿಗೆ ಅಂಟತೈತಲ್ರೀ, ಇದಕ್ಕ ಅಂಟಿರೋದು ಯಾರದು?"

"ನಮ್ಮ ಮನಿಯವರದು. ಅವರು ತೀರಿಕೊಂಡು ಆರು ವರ್ಷ ಆತು. ಅವರು ಯಾವಾಗ್ಲೂ ನಿಲ್ಲತಿದ್ದ ಇಳಕಲ್ಲಿನ ಚಹಾದಂಗಡಿ ಬಂದ್ರ ಇದು ತಾನ ನಿಲ್ಲತೈತಿ. ಹತ್ತು ನಿಮಿಷ ಎಷ್ಟು ಒದ್ರೂ ಏಳಂಗಿಲ್ಲ. ನಾ ಚಹಾನ ಕುಡಿಯಂಗಿಲ್ಲ, ಸುಮ್ನ ಬಿಸಿಲಾಗ ಕುಂದರಬೇಕು."

ಖಾಜಾಸಾಬ್ ಡಬ್ಬಿ ತಡಕಾಡಿದ. "ಹಳೇದು ಪೋಸ್ಟ್‌ಮನ್ ಒಬ್ಬಂದೈತಿ, ಮನಿ ಮನಿಗೂ ನಿಲ್ಲತೈತಿ. ಹೊಸದಾದ್ರ ಎಲ್ಲೂ ನಿಲ್ಲಂಗಿಲ್ಲ."

"ಹೊಸದ ಹಾಕು."

ಇಳಕಲ್ ಬಂತು. ಚಹಾದಂಗಡಿ ಬಂದು ಹಿಂದೆಯೂ ಸರಿಯಿತು. ಬೈಕು ಒಂದಿಷ್ಟೂ ತಡವರಿಸಲಿಲ್ಲ. ಎರಡು ಫರ್ಲಾಂಗು ಹೋದ ಮೇಲೆ ವಿಶಾಲಾಕ್ಷಿ ತಿರುಗಿಸಿಕೊಂಡು ಬಂದಳು.

ಅಂಗಡಿಯವನು ಎಂದಿನಂತೆ ಬೆಂಚು ಒರೆಸಿದ. "ಇನ್ನೂ ರಿಪೇರಿ ಮಾಡಸ್ಲಿಲ್ಲೇನ್ರೀ?"

"ಈಗಷ್ಟ ಮಾಡಿಸಿದೆ," ಎನ್ನುತ್ತ ಅವಳು ಕೂತಳು. "ಹತ್ತು ನಿಮಿಷ ಕುಂತು ಹೋಗ್ತೀನಿ."